ನೆಲಕ್ಕೆ ಬಿಟ್ಟ ನೂರಿಪ್ಪತ್ತು ದಿನ

ಒಂದು ಕಾಲದಲ್ಲಿ ಬಡಾವಣೆಯ ನಕ್ಷೆಯನ್ನು ಮೊದಲು ಮೇಜಿನ ಮೇಲೆ ಬರೆದು ಆಮೇಲೆ ನೆಲಕ್ಕೆ ಇಳಿಸುತ್ತಿದ್ದರು. ಆ ಕಾಲದ ಬಡಾವಣೆಗಳು ಇನ್ನೂ ನಮ್ಮೂರಿನಲ್ಲಿವೆ, ಹೋಗಿ ನೋಡಬಹುದು. ಅರವತ್ತು ಅಡಿ ರಸ್ತೆಯಲ್ಲಿ ನಾಯಿ ಮಲಗಿರುತ್ತದೆ. ಜನರೆಲ್ಲ ಎರಡು ಮನೆಗಳ ನಡುವಿನ ಸಂದಿಯಲ್ಲಿ ಮೈಗೆ ಮೈ ತಾಗಿಸಿಕೊಂಡು ಓಡಾಡುತ್ತಾರೆ. ಪಾರ್ಕಿಗೆಂದು ಬಿಟ್ಟ ಜಾಗದಲ್ಲಿ ನೀರು ನಿಂತಿರುತ್ತದೆ, ನೀರಿಗೆಂದು ತೋಡಿದ ಚರಂಡಿಯಲ್ಲಿ ಮಕ್ಕಳು ಕ್ರಿಕೆಟ್ ಆಡುತ್ತಿರುತ್ತಾರೆ. ನಕ್ಷೆ ಬರೆದವರೇನೂ ದಡ್ಡರಲ್ಲ. ಆದರೆ ಅವರಲ್ಲಿ ಹೆಚ್ಚಿನವರು ಆ ಜಾಗಕ್ಕೆ ಒಂದೆರಡು ಸಲ ಜೀಪಿನಲ್ಲಿ ಬಂದು ಹೋದವರು.

ನಾನು ಸಂಪಿಗೆಕಟ್ಟೆ ಪುರಸಭೆಯ ನಗರ ಯೋಜನಾ ಶಾಖೆಗೆ ಎಂಜಿನಿಯರಾಗಿ ಸೇರುವ ಹೊತ್ತಿಗೆ ಎಣಿಕೆಕಾಳು ಬಂದು ಹತ್ತು ವರ್ಷವಾಗಿತ್ತು. ಸಾಸಿವೆಯಷ್ಟು ಸಣ್ಣ, ಸುಟ್ಟ ಮಣ್ಣಿನ ಕಾಳು ಅದು. ಒಳಗೆ ಕಣ್ಣಿಗೆ ಕಾಣದಷ್ಟು ಚಿಕ್ಕ ಹರಳು. ಮೇಲೆ ಕಾಲು ಬಿದ್ದರೆ ಹರಳು ಒತ್ತಿಕೊಂಡು ಚೂರೇ ಚೂರು ವಿದ್ಯುತ್ತು ಹುಟ್ಟುತ್ತದೆ, ಅಷ್ಟರ ಬಲದಲ್ಲೇ ಕಾಳು ಪಕ್ಕದ ಕಂಬಕ್ಕೆ ಸುದ್ದಿ ಮುಟ್ಟಿಸುತ್ತದೆ. ಭಾರವನ್ನೂ ಹೆಜ್ಜೆಯ ಅಂತರವನ್ನೂ ನೋಡಿ, ನಡೆದದ್ದು ಮನುಷ್ಯನೋ ಎಮ್ಮೆಯೋ ಎಂದು ಕಂಬ ಹೇಳುತ್ತದೆ. ತೇವ ತಗುಲಿದರೆ ಅದೂ ಗೊತ್ತಾಗುತ್ತದೆ. ರಾಗಿ ಬಿತ್ತುವ ಕೂರಿಗೆಯಲ್ಲೇ ಈ ಕಾಳು ಬಿತ್ತಿ, ಬೇಲಿ ಕಿತ್ತು, ನೆಲವನ್ನು ನೂರಿಪ್ಪತ್ತು ದಿನ ಅದರ ಪಾಡಿಗೆ ಬಿಡಬೇಕು. ಜನ ನಡೆದ ಕಡೆ ರಸ್ತೆ, ನೀರು ಹರಿದ ಕಡೆ ಚರಂಡಿ, ಜನ ಸುಮ್ಮನೆ ನಿಂತ ಕಡೆ ಬಯಲು. ಮಿಕ್ಕಿದ್ದೆಲ್ಲ ನಿವೇಶನ. ಇದಕ್ಕೆ ತುಳಿತದ ನಿಯಮ ಎಂದು ಹೆಸರು, ಇದಿಲ್ಲದೆ ಯಾವ ಬಡಾವಣೆಗೂ ಮಂಜೂರಾತಿ ಇಲ್ಲ.

ನಿಯಮದಲ್ಲಿ ಎರಡು ಕಟ್ಟುನಿಟ್ಟು. ಒಂದು, ಕಂಬಗಳು ಕಳಿಸಿದ ಲೆಕ್ಕ ನೋಡಿ ಯಂತ್ರ ಬರೆದ ನಕ್ಷೆಯ ಮೇಲೆ ಯಾರೂ ಕೈಯಾಡಿಸಬಾರದು. ಹಿಂದೆ ಒಂದು ಗೆರೆ ಆಚೀಚೆ ಮಾಡಿ ಯಾರ್ಯಾರ ಮನೆ ಉಳಿಸಿದ್ದರೋ ಯಾರ್ಯಾರದನ್ನು ಉರುಳಿಸಿದ್ದರೋ, ಅದು ಜನಕ್ಕೆ ಚೆನ್ನಾಗಿ ನೆನಪಿತ್ತು. ಇನ್ನೊಂದು, ನಮ್ಮ ಸಿಬ್ಬಂದಿಯ ಹೆಜ್ಜೆ ಎಣಿಕೆಗೆ ಸೇರಬಾರದು. ಅದಕ್ಕೇ ನಮಗೆ ಬೇರೆ ಬೂಟು ಕೊಟ್ಟಿದ್ದರು. ಅದರ ಅಟ್ಟೆಯಲ್ಲಿದ್ದ ಒಂದು ಪಟ್ಟಿ, ಇವನನ್ನು ಲೆಕ್ಕಕ್ಕೆ ಹಿಡಿಯಬೇಡ ಎಂದು ಕಾಳಿಗೆ ಹೇಳುತ್ತಿತ್ತು. ನಾವು ಅದನ್ನು ಮೌನಬೂಟು ಅನ್ನುತ್ತಿದ್ದೆವು. ದಿನಾ ಸಂಜೆ, 'ಬೂಟು ಧರಿಸಿಯೇ ಕೆಲಸ ಮಾಡಲಾಗಿದೆ' ಎಂಬ ಕಾಗದಕ್ಕೆ ನಾನು ಸಹಿ ಹಾಕಬೇಕಿತ್ತು.

ಊರಿನ ಪೂರ್ವಕ್ಕೆ ಅರವತ್ತೆರಡು ಎಕರೆಯನ್ನು ಮೂವತ್ತು ಜನ ಒಟ್ಟುಗೂಡಿಸಿ ಬಡಾವಣೆಗೆ ಕೊಟ್ಟಿದ್ದರು. ಅವರಲ್ಲಿ ಹೊನ್ನಗಿರಿಯಮ್ಮ ಒಬ್ಬರು. ಐವತ್ತೈದರ ಹೆಂಗಸು, ಗಟ್ಟಿಗಿತ್ತಿ. ಜಮೀನಿನ ಮಧ್ಯದಲ್ಲಿ ಅವರ ಮನೆ, ಮನೆಯ ಮುಂದೆ ಕಣ. ಏಳು ಹಳ್ಳಿಯ ಹೆಂಗಸರು ಹಳೆಯ ತಳಿಯ ರಾಗಿಯನ್ನು ಬಿತ್ತನೆಗೆಂದು ಅವರ ಕಣಕ್ಕೆ ತರುತ್ತಿದ್ದರು. ಒಂದು ತಳಿ ಬಡಿದು, ತೂರಿ, ಗುಡಿಸಿ, ಕಣ ಸಾರಿಸಿದ ಮೇಲೇ ಇನ್ನೊಂದು. ಹೀಗಾಗಿ ಸುಗ್ಗಿಯಲ್ಲಿ ಶುರುವಾದ ಒಕ್ಕಣೆ ಮುಂಗಾರು ಹತ್ತಿರವಾಗುವವರೆಗೂ ನಡೆಯುತ್ತಿತ್ತು. ಆ ಕಣ ಮೂರು ತಲೆಮಾರಿನ ಕಾಲು ಬಿದ್ದು ಕಲ್ಲಾಗಿತ್ತು, ಒಂದು ಬಿರುಕಿರಲಿಲ್ಲ. ಬಿರುಕಿದ್ದರೆ ಅದರಲ್ಲಿ ಹಿಂದಿನ ತಳಿಯ ನಾಲ್ಕು ಕಾಳು ಕೂತುಬಿಡುತ್ತವೆ, ಮುಂದಿನದಕ್ಕೆ ಬೆರೆಯುತ್ತವೆ, ಆಮೇಲೆ ಬೀಜ ಕೆಟ್ಟಿತೆಂದೇ ಅರ್ಥ. ಹೊಸ ಕಣ ಮಾಡಿದರೆ ಇಪ್ಪತ್ತು ವರ್ಷವಾದರೂ ಅದು ಹದಕ್ಕೆ ಬರುವುದಿಲ್ಲ ಎಂದು ಅವರು ಹೇಳುತ್ತಿದ್ದರು.

ಅವರು ಸಹಿ ಹಾಕುವ ಮುಂಚೆ ಕೇಳಿದ್ದು ಒಂದೇ ಮಾತು, ಮನೆ ಮತ್ತು ಕಣ ಉಳಿಯುತ್ತವೆಯೇ ಎಂದು. ಮೂಡಲಿನಿಂದ ಅವರ ಮನೆಗೆ ದಾರಿಯೇ ಇರಲಿಲ್ಲ; ಬರುವವರೆಲ್ಲ ಪಡುವಣದ ರಸ್ತೆಯಿಂದ ಆಟೋದಲ್ಲಿ ಬಾಗಿಲಿಗೇ ಬರುತ್ತಿದ್ದರು. ಜನ ನಡೆಯದ ಕಡೆ ರಸ್ತೆ ಬರುವ ಮಾತೇ ಇಲ್ಲ, ನಿಮ್ಮ ಕಣವನ್ನು ಯಾರೂ ಮುಟ್ಟುವುದಿಲ್ಲ ಎಂದು ನಾನೇ ಹೇಳಿದೆ. ಕಣದಲ್ಲಿ ಕೂರಿಗೆ ಹೊಡೆಯುವ ಹಾಗಿರಲಿಲ್ಲವಲ್ಲ, ಎಣಿಕೆಕಾಳನ್ನು ಸಗಣಿಗೆ ಕಲಸಿ ಅವರೇ ತಮ್ಮ ಕೈಯಾರೆ ಸಾರಿಸಿಕೊಟ್ಟರು.

ಜನವರಿ ಕೊನೆಗೆ ಎಣಿಕೆ ಶುರುವಾಯಿತು. ನಾನು, ಸರ್ವೇಯರ್ ಇಮ್ತಿಯಾಜ್, ಕಂಬ ನೋಡಿಕೊಳ್ಳುವ ಮೂವರು, ಹೀಗೆ ಐದು ಜನ ದಿನವೂ ಅರವತ್ತೆರಡು ಎಕರೆ ಸುತ್ತುತ್ತಿದ್ದೆವು. ಆ ವರ್ಷದ ಬಿಸಿಲು ಮರೆಯುವಂಥದ್ದಲ್ಲ. ಬೆಳಿಗ್ಗೆ ಹನ್ನೊಂದಕ್ಕೊಮ್ಮೆ, ಮಧ್ಯಾಹ್ನ ಮೂರಕ್ಕೊಮ್ಮೆ ಹೊನ್ನಗಿರಿಯಮ್ಮ ಕಣದ ಆಚೆಯಿಂದ ಕೈಬೀಸಿ ಕರೆಯುತ್ತಿದ್ದರು. ಹರವಿಯ ತಣ್ಣೀರು, ಆಮೇಲೆ ಕೊತ್ತಂಬರಿ ಹಾಕಿದ ನೀರುಮಜ್ಜಿಗೆ. ಕುಡಿದು, ಜಗುಲಿಯ ಮೇಲೆ ಐದು ನಿಮಿಷ ಕೂತು, ಬಂದ ದಾರಿಯಲ್ಲೇ ವಾಪಸ್ಸು.

ಮೇ ಕೊನೆಯಲ್ಲಿ ನೂರಿಪ್ಪತ್ತು ದಿನ ಮುಗಿಯಿತು. ಪುರಸಭೆಯ ಮಹಡಿಯ ಮೇಲಿದ್ದ ನಿಯಂತ್ರಣ ಕೊಠಡಿಯಲ್ಲಿ ನಾಗವೇಣಿ ಎಂಬ ಹುಡುಗಿ ಗೋಡೆಯಗಲದ ಪರದೆಯ ಮೇಲೆ ನಕ್ಷೆ ತೆರೆದಳು. ಕೆಲಸದಲ್ಲಿ ಅವಳದು ಒಂದು ಕೂದಲೂ ಆಚೀಚೆ ಆಗದ ಕಟ್ಟುನಿಟ್ಟು. ಮೇ ತಿಂಗಳ ಮಳೆಯ ನೀರು ಹರಿದ ಹಾಗೆಯೇ ಚರಂಡಿ ಸರಿಯಾಗಿ ಹಳ್ಳದ ಕಡೆ ಇಳಿದಿತ್ತು, ಶಾಲೆಯ ಹಿಂದೆ ಮಕ್ಕಳ ಬಯಲು ಬಂದಿತ್ತು. ನನಗೆ ಖುಷಿಯಾಯಿತು. ಆಮೇಲೆ ಕಣ್ಣು ಮಧ್ಯಕ್ಕೆ ಹೋಯಿತು. ಮೂಡಲಿನ ಬಸ್ ನಿಲ್ದಾಣದಿಂದ ಪಡುವಣದ ರಸ್ತೆಗೆ ನಲವತ್ತು ಅಡಿಯ ರಸ್ತೆಯೊಂದು ನೆಟ್ಟಗೆ ಎಳೆದುಕೊಂಡಿತ್ತು, ಹೊನ್ನಗಿರಿಯಮ್ಮನ ಕಣ ಮತ್ತು ಅಡಿಗೆಮನೆಯ ಮೇಲೆ. ಕಣ ದಾಟಿದವರು ಎರಡು ಸಾವಿರ ಸಲ ಎಂದು ಯಂತ್ರ ಬರೆದಿತ್ತು.

ಸುದ್ದಿ ಹೇಳಲು ನಾನೇ ಹೋದೆ. ಅವರು ಮೊರ ಕೆಳಗಿಟ್ಟು, ನಾನು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡರು.

"ಅಲ್ಲ ಇಂಜಿನೇರಪ್ಪ, ಮೂಡ್ಲಿಂದ ನಮ್ಮನೆ ಮ್ಯಾಲೆ ಹಾದು ಯಾರು ಹೋಗ್ತಾರೆ? ನಾನು ಮನೇಲೇ ಇರೋಳು. ಒಂದು ನರಪಿಳ್ಳೆ ಹೋಗಿದ್ದು ಕಾಣ್ಲಿಲ್ಲ."

ಕಾಳು ಸುಳ್ಳು ಹೇಳುವುದಿಲ್ಲವಮ್ಮ ಎಂದೆ. ಬದಲಿಗೆ ಒಳ್ಳೆಯ ಎರಡು ನಿವೇಶನ ಸಿಗುತ್ತದೆ, ಮನೆ ಕಟ್ಟಿಸಿಕೊಡುತ್ತಾರೆ ಎಂದೂ ಸೇರಿಸಿದೆ. ಕಣವನ್ನೂ ಕಟ್ಟಿಸಿಕೊಡುತ್ತೀರಾ ಎಂದು ಅವರು ಕೇಳಿದರು. ಜಗಳದ ದನಿಯಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ ಹಾಗಿತ್ತು. ಹೊರಡುವಾಗ ಅವತ್ತೂ ಮಜ್ಜಿಗೆ ಕೊಟ್ಟರು.

ಮನೆಯಲ್ಲಿ ಎರಡು ದಿನ ಸರಿಯಾಗಿ ಊಟ ಸೇರಲಿಲ್ಲ. ನನ್ನ ಹೆಂಡತಿ ಕಾತ್ಯಾಯಿನಿ ಹೈಸ್ಕೂಲಿನಲ್ಲಿ ಗಣಿತದ ಮೇಡಂ, ಪ್ರಶ್ನೆ ಬಿಡಿಸದೆ ಬಿಡುವವಳಲ್ಲ. ಆದರೆ ಆ ಭಾನುವಾರ ಅವಳು ಕೇಳಿದ್ದು ನನ್ನ ಚಿಂತೆಯ ಬಗ್ಗೆ ಅಲ್ಲ, ಸಾಕ್ಸಿನ ಬಗ್ಗೆ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತು ಸಾಕ್ಸ್ ಒಳಗೆ ಕೈಹಾಕಿ ಏನನ್ನೋ ಕೆರೆದು ತೆಗೆಯುತ್ತಿದ್ದಳು. ನಾಲ್ಕು ತಿಂಗಳಿಂದ ಈ ರಾಗಿ ಹೊಟ್ಟಿನ ಕಾಟ, ಮಷೀನಿಗೆ ಹಾಕಿದರೆ ಬೇರೆ ಬಟ್ಟೆಗೂ ಹತ್ತಿ ಮೈಯೆಲ್ಲ ಕಡಿಯುತ್ತದೆ ಎಂದು ಗೊಣಗಿದಳು. ಹೊಲದಲ್ಲಿ ಓಡಾಡುವವನ ಸಾಕ್ಸಿಗೆ ಹೊಟ್ಟು ಹತ್ತುವುದು ಸಹಜ ಎಂದೆ.

"ಹೊರಗಡೆ ಹತ್ತಿದ್ರೆ ಸಹಜ ರೀ. ಇದು ಒಳಗಡೆ ಇದೆ, ಅಂಗಾಲು ತಾಗೋ ಕಡೆ. ಬೂಟು ಹಾಕ್ಕೊಂಡೇ ಇರೋರ ಸಾಕ್ಸ್ ಒಳಗೆ ಹೊಟ್ಟು ಹೇಗ್ರೀ ಬರುತ್ತೆ?"

ನಾನು ಕೂತಲ್ಲಿಂದ ಎದ್ದೆ. ನನ್ನ ಅಂಗಾಲು ನೋಡಿಕೊಂಡೆ. ಹಿಮ್ಮಡಿ ಒಡೆದಿತ್ತು, ಬಿರುಕಿನಲ್ಲಿ ಸಗಣಿಯ ಹಸಿರು ಕೂತಿತ್ತು. ಅಲ್ಲಿಯವರೆಗೆ ಯಂತ್ರ ಎಣಿಸಿದ ಆ ಕಾಲು ನನ್ನದೇ ಎಂಬುದು ಹೊಳೆದೇ ಇರಲಿಲ್ಲ.

ಕಣದ ಮೂಡಲ ಅಂಚಿನಲ್ಲಿ ಕಡಿದ ಬೇವಿನ ಮೋಟೊಂದು ಇತ್ತು. ದಿನಕ್ಕೆರಡು ಸಲ ಅಲ್ಲಿ ನಿಂತು, ಬೂಟು ಬಿಚ್ಚಿ, ಸಾಕ್ಸನ್ನು ಅದರೊಳಗೆ ತುರುಕಿ, ಬರಿಗಾಲಲ್ಲಿ ಕಣ ದಾಟಿ ಮನೆಗೆ ಹೋಗುತ್ತಿದ್ದೆವು. ರಾಗಿ ಬಿದ್ದ ಕಣವನ್ನು ಯಾರಾದರೂ ಚಪ್ಪಲಿ ಕಾಲಲ್ಲಿ ತುಳಿಯುತ್ತಾರೆಯೇ? ನಮಗೆ ಯಾರೂ ಹೇಳಿಕೊಟ್ಟದ್ದಲ್ಲ ಅದು. ಇಮ್ತಿಯಾಜನ ತಂದೆಯೂ ಒಕ್ಕಲುತನದವರು, ಅವನೂ ಕೇಳದೆಯೇ ಬಿಚ್ಚಿದ್ದ. ಬೂಟು ಬಿಚ್ಚಿದ್ದು ನಮ್ಮ ಮನಸ್ಸಿನಲ್ಲಿ ನಿಯಮ ಮುರಿದ ಹಾಗೆ ದಾಖಲಾಗಲೇ ಇಲ್ಲ. ಸಂಜೆ ಸಹಿ ಹಾಕುವಾಗ ನಾನು ಒಂದು ದಿನವೂ ಸುಳ್ಳು ಹೇಳುತ್ತಿದ್ದೇನೆ ಅಂದುಕೊಂಡಿರಲಿಲ್ಲ.

ಸೋಮವಾರ ಬೆಳಿಗ್ಗೆ ನಾಗವೇಣಿಗೆ ಯಂತ್ರ ತಿದ್ದುವ ಮುಂಚಿನ ಕಚ್ಚಾ ನಕ್ಷೆ ತೆರೆಯಲು ಹೇಳಿದೆ. ಅದನ್ನು ನೋಡುವ ರೂಢಿ ಇರಲಿಲ್ಲ, ಅದರಲ್ಲಿ ಗೆರೆಗಳೆಲ್ಲ ತುಂಡುತುಂಡು. ಕಾಳು ಕೆಟ್ಟ ಕಡೆ, ಬಂಡೆಯಿದ್ದ ಕಡೆ ಗೆರೆ ಹರಿದಿರುತ್ತದೆ. ಎರಡು ತುಂಡು ಒಂದೇ ದಿಕ್ಕಿಗಿದ್ದರೆ ಯಂತ್ರ ಅವನ್ನು ತಾನೇ ಬೆಸೆಯುತ್ತದೆ. ಬಸ್ ನಿಲ್ದಾಣದಿಂದ ಒಂದಿಷ್ಟು ಜನ ಹೊಲದೊಳಗೆ ಬಂದು ಚದುರಿದ್ದರು. ಪಡುವಣದಿಂದ ರಾಗಿ ತಂದ ಹೆಂಗಸರು ಬಾಗಿಲವರೆಗೆ ಬಂದಿದ್ದರು. ಇವೆರಡರ ನಡುವೆ ಬೇವಿನ ಮೋಟಿನಿಂದ ಮನೆಯವರೆಗೆ ನಲವತ್ತು ಹೆಜ್ಜೆಯ ಒಂದು ದಪ್ಪ ಗೆರೆ. ಆ ಗೆರೆ ಮೋಟಿನ ಬುಡದಲ್ಲಿ ಒಮ್ಮೆಗೇ ಹುಟ್ಟಿತ್ತು. ಅಲ್ಲಿಗೆ ಬಂದವರು ಆಕಾಶದಿಂದ ಇಳಿದಿರಬೇಕು ಅನ್ನುವ ಹಾಗೆ.

ನಾಗವೇಣಿ ಗೆರೆಯನ್ನೂ ನನ್ನನ್ನೂ ನೋಡಿದಳು. ನಾನು ವಿಷಯ ಹೇಳಿದೆ. ಅವಳು ಬೆರಳು ಮಡಿಸಿ ಲೆಕ್ಕ ಹಾಕಿದಳು. ಐದು ಜನ, ದಿನಕ್ಕೆ ಎರಡು ಸಲ, ಹೋಗಿ ಬರುವುದು ಸೇರಿದರೆ ಇಪ್ಪತ್ತು. ಭಾನುವಾರ, ಹಬ್ಬ ಕಳೆದು ಕೆಲಸದ ದಿನ ನೂರು. ಎರಡು ಸಾವಿರಕ್ಕೆ ಒಂದೂ ಹೆಚ್ಚಿಲ್ಲ, ಕಮ್ಮಿಯಿಲ್ಲ.

"ಸಾರ್, ಅಂದ್ರೆ ಅವರು ಕೊಟ್ಟ ಮಜ್ಜಿಗೆಗೇ ಅವರ ಮನೆ ಹೋಗ್ತಿದೆಯಾ?" ಅಂದಳು.

ನನಗೆ ನಾಚಿಕೆಯಾಯಿತು. ಅಷ್ಟು ನಾಚಿಕೆ ನನಗೆ ಅದಕ್ಕೆ ಮುಂಚೆಯೂ ಆಗಿಲ್ಲ, ಆಮೇಲೂ ಆಗಿಲ್ಲ.

ಜಂಟಿ ನಿರ್ದೇಶಕ ಪದ್ಮರಾಜಯ್ಯನವರ ಕೊಠಡಿಗೆ ಹೋದೆ. ಒಳ್ಳೆಯವರು, ನಿವೃತ್ತಿಗೆ ಎಂಟು ತಿಂಗಳಿತ್ತು. ಎಲ್ಲ ಕೇಳಿ ಕನ್ನಡಕ ತೆಗೆದಿಟ್ಟರು. ಗೆರೆಯೊಂದನ್ನು ಅಳಿಸಿದರೆ ಮುಗಿಯಿತಲ್ಲ ಎಂದು ನಾನು ಅಂದೆ. ಹಾಗೆ ಅಳಿಸಲು ಆಗದ ಹಾಗೆಯೇ ನಿಯಮ ಮಾಡಿದ್ದು, ಇವತ್ತು ಒಳ್ಳೆಯ ಕಾರಣಕ್ಕೆ ಅಳಿಸಿದರೆ ನಾಳೆ ಬೇರೆಯವನು ಬೇರೆ ಕಾರಣಕ್ಕೆ ಅಳಿಸುತ್ತಾನೆ ಎಂದು ಅವರು ಹೇಳಿದರು. ಅವರ ಮಾತು ಸರಿಯಾಗಿತ್ತು. ಉಳಿದ ದಾರಿ ಒಂದೇ: ಸಿಬ್ಬಂದಿಯ ತಪ್ಪಿನಿಂದ ಎಣಿಕೆ ಕೆಟ್ಟಿದೆ ಎಂದು ನಾನು ಬರೆದುಕೊಡುವುದು. ಆಗ ನೂರಿಪ್ಪತ್ತು ದಿನವೂ ರದ್ದು. ಅದೇ ಋತುವಿನಲ್ಲಿ ಮತ್ತೆ ಎಣಿಸಬೇಕಾದ್ದರಿಂದ ಮುಂದಿನ ಜನವರಿಯವರೆಗೆ ಕಾಯಬೇಕು. ನಿವೇಶನಕ್ಕೆ ಹೆಸರು ಬರೆಸಿದ ನಾನೂರು ಕುಟುಂಬಗಳು ಇನ್ನೊಂದು ವರ್ಷ ಬಾಡಿಗೆ ಮನೆಯಲ್ಲಿ ಕೂರಬೇಕು. ನನಗೆ ಬರಬೇಕಿದ್ದ ಬಡ್ತಿಯಂತೂ ಬರುವುದಿಲ್ಲ.

"ಬರೀದೆ ಇದ್ರೂ ಯಾರಿಗೂ ಗೊತ್ತಾಗಲ್ಲ, ಶಂಭುಲಿಂಗು. ನಾನು ಕೇಳಿಸಿಕೊಂಡಿಲ್ಲ ಅಂತ ಇಟ್ಕೊ. ಯೋಚನೆ ಮಾಡಿ ಬಾ," ಅಂದರು.

ಯೋಚಿಸಿದೆ. ಸುಳ್ಳು ಯಾಕೆ, ಬರೆಯದೆ ಸುಮ್ಮನಿರುವ ಬಗ್ಗೆಯೂ ಯೋಚಿಸಿದೆ. ಕಾತ್ಯಾಯಿನಿಗೆ ಎಲ್ಲ ಹೇಳಿದೆ. ಬಡ್ತಿ ಬಂದಿದ್ದರೆ ಅವಳಿಗೆ ತುಮಕೂರಿಗೆ ವರ್ಗ ಕೇಳುವ ಆಸೆಯಿತ್ತು, ಅಲ್ಲಿ ಅವಳ ತಂಗಿ ಇದ್ದಳು. ಅವಳು ಒಗೆದು ಮಡಿಸಿದ ಸಾಕ್ಸನ್ನು ನನ್ನ ಬೀರುವಿನಲ್ಲಿ ಇಟ್ಟು, ನಾಳೆ ನಕ್ಷೆಗೆ ಜನರ ಆಕ್ಷೇಪಣೆ ಕೇಳುವ ಸಭೆ ಎಷ್ಟು ಗಂಟೆಗೆ ಎಂದು ಕೇಳಿದಳು.

ಸಭೆ ಪುರಸಭೆಯ ಅಂಗಳದಲ್ಲಿ ನಡೆಯಿತು. ಶಾಮಿಯಾನ ತುಂಬಿತ್ತು. ಹೊನ್ನಗಿರಿಯಮ್ಮ ಹಿಂದಿನ ಸಾಲಿನಲ್ಲಿ ಕೂತಿದ್ದರು, ಆಕ್ಷೇಪಣೆ ಬರೆಸಿಯೂ ತಂದಿರಲಿಲ್ಲ. ನಾನು ಎದ್ದು ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಕಣದ ಅಂಚಿನಲ್ಲಿ ಬೂಟು ಬಿಚ್ಚಿದ್ದು, ಎರಡು ಸಾವಿರವೂ ನಮ್ಮದೇ ಕಾಲಾಗಿದ್ದು. ಮುಂದಿನ ಸಾಲಿನವರು ಗಲಾಟೆ ಎಬ್ಬಿಸಿದರು. ಒಂದು ಮುದುಕಿ ಮನೆಗಾಗಿ ನಾನೂರು ಮನೆ ನಿಲ್ಲಿಸುತ್ತೀರಾ ಎಂದು ಒಬ್ಬರು ಕೂಗಿದರು. ಇನ್ನೊಬ್ಬರು, ಬೂಟು ಹಾಕಿಕೊಂಡೇ ಹೋಗಬೇಕಿತ್ತಪ್ಪ, ನಿನಗೇನು ಧಾಡಿ ಎಂದು ಬೈದರು. ಆಗ ಅವರ ಪಕ್ಕದಲ್ಲಿದ್ದ ಹಿರಿಯರು ಅವರ ಮುಖ ನೋಡಿ, ಕಣದೊಳಗೆ ನೀನು ಹಾಕಿಕೊಂಡು ಹೋಗ್ತಿದ್ಯೇನೋ ಎಂದು ಕೇಳಿದರು. ಬೈದವರು ಕೂತುಬಿಟ್ಟರು. ಸಭೆಯೂ ಮೆಲ್ಲಗೆ ತಣ್ಣಗಾಯಿತು.

ಹೊರಗೆ ಹೊನ್ನಗಿರಿಯಮ್ಮ ಸಿಕ್ಕಾಗ, ಮೂಡಲಿಂದ ಬಂದವರು ನಾವೇ ಎಂದು ಅವತ್ತೇ ಹೇಳಬಹುದಿತ್ತಲ್ಲಮ್ಮ ಎಂದೆ. ಅವರಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ.

"ನೀವು ನಮ್ಮನೆಗೆ ಬಂದೋರು ಕಣಪ್ಪ. ಮನೆಗೆ ಬಂದೋರ್ನ ದಾರಿಹೋಕರು ಅಂತ ಎಣಿಸ್ಲಾ?"

ಮುಂದಿನ ಜನವರಿಯಲ್ಲಿ ಮತ್ತೆ ಕಾಳು ಬಿತ್ತಿದೆವು. ನನಗೆ ಮೆಮೊ ಬಂದಿತ್ತು, ಬಡ್ತಿ ಬಂದಿರಲಿಲ್ಲ, ಆದರೆ ಈ ಕೆಲಸ ನಾನೇ ಮುಗಿಸುತ್ತೇನೆ ಎಂದು ಕೇಳಿಕೊಂಡಿದ್ದೆ. ಈ ಸಲ ನಾನು ಭಯಬಿದ್ದು ಒಂದು ಕಟ್ಟಪ್ಪಣೆ ಮಾಡಿದೆ: ಯಾರೂ ಬೂಟು ಬಿಚ್ಚಕೂಡದು, ಕಣದಿಂದ ನೂರು ಹೆಜ್ಜೆ ದೂರ ಇರಬೇಕು. ಅಷ್ಟು ದೂರದಲ್ಲಿ ಒಂದು ಹೊಂಗೆ ಮರವಿತ್ತು. ನೀರನ್ನು ಮನೆಯಿಂದಲೇ ತಂದುಕೊಂಡು ಅದರ ನೆರಳಿನಲ್ಲಿ ಕೂರುತ್ತಿದ್ದೆವು. ಹೊನ್ನಗಿರಿಯಮ್ಮನಿಗೆ ಕಾರಣ ತಿಳಿಸಿ ಹೇಳಿದೆ. ಅವರು ತಲೆಯಾಡಿಸಿದರು.

ಮೊದಲನೆಯ ದಿನ ಹನ್ನೊಂದು ಗಂಟೆಗೆ ಅವರು ಕೈಬೀಸಿ ಕರೆಯಲಿಲ್ಲ. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ತಂಬಿಗೆ ಮುಚ್ಚಿದ ಮಜ್ಜಿಗೆಯ ಗಡಿಗೆ ಇಟ್ಟುಕೊಂಡು ಕಣ ದಾಟಿ, ಬೇವಿನ ಮೋಟು ದಾಟಿ, ಆ ಬಿಸಿಲಲ್ಲಿ ಹೊಂಗೆ ಮರದವರೆಗೆ ನಡೆದು ಬಂದರು. ನೀವು ಬರಕೂಡದು ಅಂತ ತಾನೆ ರೂಲ್ಸು, ನಾನು ಬರಕೂಡದು ಅಂತಿಲ್ಲವಲ್ಲ ಎಂದರು. ಬೇಡವೆಂದರೂ ಕೇಳಲಿಲ್ಲ. ಮೂರು ಗಂಟೆಗೆ ಮತ್ತೆ ಬಂದರು. ನೂರಿಪ್ಪತ್ತು ದಿನ, ನಾವು ಬಾರದ ಭಾನುವಾರ, ಹಬ್ಬ ಬಿಟ್ಟು, ಒಂದು ದಿನವೂ ತಪ್ಪಿಸಲಿಲ್ಲ.

ಎಣಿಕೆ ಮುಗಿದಾಗ ನಲವತ್ತು ಅಡಿ ರಸ್ತೆ ಮಾಯವಾಗಿತ್ತು. ಕಣ ಬಯಲೆಂದು ದಾಖಲಾಗಿತ್ತು, ಮನೆ ಮನೆಯಾಗಿಯೇ ಉಳಿದಿತ್ತು. ಆದರೆ ಬೇವಿನ ಮೋಟಿನಿಂದ ಹೊಂಗೆ ಮರದವರೆಗೆ ಒಂದು ಸಣ್ಣ ಗೆರೆ ಬಂದಿತ್ತು. ಒಬ್ಬರದೇ ಕಾಲು, ನಾನೂರು ಸಲ. ನಾನೂರು ಮುಟ್ಟಿದರೆ ಐದಡಿಯ ಕಾಲುದಾರಿ ಬಿಡಬೇಕು, ಅದರ ಎರಡು ತುದಿಯಲ್ಲಿರುವುದನ್ನು ಕಡಿಯಬಾರದು ಎಂಬುದು ನಿಯಮ. ನಾಗವೇಣಿ ನನ್ನ ಕಡೆ ತಿರುಗಿ, ಇದನ್ನೂ ಮುಟ್ಟೋ ಹಾಗಿಲ್ಲ ಅಲ್ವಾ ಸಾರ್ ಎಂದಳು. ಇಲ್ಲ ಎಂದೆ. ನಕ್ಷೆ ಹಾಗೆಯೇ ಮಂಜೂರಾಯಿತು.

ಇದಾಗಿ ಹದಿನಾಲ್ಕು ವರ್ಷ. ಬಡಾವಣೆ ತುಂಬಿದೆ. ಹೊನ್ನಗಿರಿಯಮ್ಮ ಹೋಗಿ ಮೂರು ವರ್ಷವಾಯಿತು; ಏಳು ಹಳ್ಳಿಯ ಹೆಂಗಸರು ಕಣವನ್ನು ಸಂಘದ ಹೆಸರಿನಲ್ಲಿ ನಡೆಸುತ್ತಿದ್ದಾರೆ. ಹೋದ ತಿಂಗಳು ನನ್ನ ಮೇಜಿಗೆ ಇಪ್ಪತ್ತೊಂದು ಸಹಿಯ ಅರ್ಜಿಯೊಂದು ಬಂತು. ಎರಡು ಸಾಲು ಮನೆಗಳ ಹಿಂಗೋಡೆಗಳ ನಡುವೆ ಐದಡಿಯ ದಾರಿಯೊಂದಿದೆ, ಅದು ಕಣದಿಂದ ಹೊರಟು ಒಂದು ಹೊಂಗೆ ಮರದ ಬುಡದಲ್ಲಿ ಮುಗಿಯುತ್ತದೆ, ಅದರಿಂದ ಎಲ್ಲಿಗೂ ಹೋಗಲಾಗುವುದಿಲ್ಲ, ಯಾವ ಪ್ರಯೋಜನಕ್ಕೆ ಬಿಟ್ಟಿದ್ದೆಂದು ಯಾರಿಗೂ ತಿಳಿಯದು, ಆದ್ದರಿಂದ ಮುಚ್ಚಿಸಿ ಅಕ್ಕಪಕ್ಕದ ನಿವೇಶನಗಳಿಗೆ ಹಂಚಬೇಕು ಎಂದು ಬರೆದಿದ್ದರು. ಸ್ಥಳ ಪರಿಶೀಲಿಸಿ ವರದಿ ಕೊಡಿ ಎಂದು ಮೇಲಿನಿಂದ ಷರಾ ಇತ್ತು.

ಮಧ್ಯಾಹ್ನ ಮೂರಕ್ಕೆ ಹೋದೆ. ಕಣದಲ್ಲಿ ರಾಗಿ ಬಿದ್ದಿತ್ತು. ಬೂಟು ಬಿಚ್ಚಿ, ಸಾಕ್ಸನ್ನು ಒಳಗೆ ತುರುಕಿ, ಅಂಚಿನಲ್ಲಿ ಇಟ್ಟೆ. ಕಣ ದಾಟಿದ ಮೇಲೂ ಬರಿಗಾಲಲ್ಲೇ ಆ ನೂರು ಹೆಜ್ಜೆ ನಡೆದೆ. ಬಿಸಿಲಿಗೆ ಕಾಲು ಸುಟ್ಟಿತು. ಇದೇ ನೆಲದಲ್ಲಿ ಅವರು ತಲೆಯ ಮೇಲೆ ಗಡಿಗೆ ಹೊತ್ತು ದಿನಕ್ಕೆರಡು ಸಲ ಬಂದು ಹೋದದ್ದು ನೆನೆದು ಕಣ್ಣು ತುಂಬಿತು. ಹೊಂಗೆಯ ಬುಡದಲ್ಲಿ ಸ್ವಲ್ಪ ಹೊತ್ತು ಕೂತೆ. ಆಮೇಲೆ ಅಲ್ಲೇ, ಅರ್ಜಿಯ ಹಿಂದೆ ವರದಿ ಬರೆದೆ: 'ಸ್ಥಳಕ್ಕೆ ಖುದ್ದಾಗಿ ಭೇಟಿ ಕೊಟ್ಟು ಪರಿಶೀಲಿಸಿದ್ದೇನೆ. ದಾರಿ ಬಳಕೆಯಲ್ಲಿದೆ.'